ವಿಡಿಯೊ ಪುಕ್ಕಟೆ, ರೊಕ್ಕ ತಿದ್ದುವುದಕ್ಕೆ

"ಅಕ್ಕಾರ, ನಾನೂ ಒಂದ್ ಆನ್‌ಲೈನ್ ಕೋರ್ಸ್ ಮಾಡಬೇಕಂತ ಮಾಡೀನ್ರಿ. ಯಾವ ಕ್ಯಾಮೆರಾ ತಗೋಬೇಕ್ರಿ?"

ಇಂಥ ಮೆಸೇಜ್ ಬರದ ವಾರ ಇಲ್ಲ. ಕೇಳುವವರಲ್ಲಿ ಬ್ಲೌಸ್ ಹೊಲಿಯುವವರಿದ್ದಾರೆ, ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರಿದ್ದಾರೆ, ಗದಗಿನಿಂದ ಒಬ್ಬರು ತಬಲಾ ಮಾಸ್ತರರೂ ಇದ್ದರು. ನಾನು ಧಾರವಾಡದಲ್ಲಿ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕಸೂತಿ ಕಲಿಸುತ್ತೇನೆ. ಮನೆ ಖರ್ಚಿನ ಒಂದು ದೊಡ್ಡ ಪಾಲು ಅದರಿಂದಲೇ ನಡೆಯುತ್ತದೆ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಕ್ಯಾಮೆರಾದ ಪ್ರಶ್ನೆ ಕಡೆಯದು. ಕೈಯಲ್ಲಿರುವ ಫೋನೇ ಸಾಕು. ಮೊದಲು ಕೇಳಿಕೊಳ್ಳಬೇಕಾದದ್ದು, ಕೋರ್ಸ್ ಮುಗಿದ ದಿನ ಕಲಿತವಳ ಕೈಯಲ್ಲಿ ಏನಿರುತ್ತದೆ ಅಂತ. "ಕಸೂತಿ ಕಲಿಯಿರಿ" ಅಂದರೆ ಎಲ್ಲರೂ ಲೈಕ್ ಒತ್ತಿ ಮುಂದೆ ಹೋಗುತ್ತಾರೆ. "ನಿಮ್ಮ ಇಳಕಲ್ ಸೀರೆಗೆ ಹೊಂದುವ ಬ್ಲೌಸ್ ತೋಳಿಗೆ ನೀವೇ ಗವಂತಿ ಹೊಲಿಗೆಯ ಅಂಚು ಹಾಕಿ" ಅಂದಾಗ ಫೋನ್ ಬರುತ್ತದೆ. ಅದರಲ್ಲೂ ಟೇಲರಿಂಗ್ ಮಾಡುವ ಹೆಣ್ಣುಮಕ್ಕಳು ಯೋಚನೆಯೇ ಮಾಡುವುದಿಲ್ಲ. ಇದೊಂದು ಕೈಗೆ ಹತ್ತಿದರೆ ಕಸೂತಿ ಬ್ಲೌಸಿಗೆ ಜಾಸ್ತಿ ಹೊಲಿಗೆ ಕೇಳಬಹುದು, ನಾಲ್ಕಾರು ಬ್ಲೌಸಿನಲ್ಲಿ ಫೀ ವಾಪಸ್ ಬರುತ್ತದೆ ಅಂತ ಅವರಿಗೆ ಲೆಕ್ಕ ಗೊತ್ತು. ತೇರು, ಗೋಪುರ, ತುಳಸಿಕಟ್ಟೆ, ನವಿಲು ಎಲ್ಲವನ್ನೂ ಒಂದೇ ಕೋರ್ಸಿನಲ್ಲಿ ತುಂಬುವ ಆಸೆ ನಮಗೆ ಇರುತ್ತದೆ. ಕಲಿಯುವವಳಿಗೆ ಬೇಕಾದದ್ದು ಒಂದು ಅಂಚು.

"ಯೂಟ್ಯೂಬ್‌ನ್ಯಾಗ ಎಲ್ಲಾ ಪುಕ್ಕಟೆ ಐತಿ, ನಿಮಗ್ಯಾಕ ರೊಕ್ಕ ಕೊಡ್ತಾರ?" ಅಂತ ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಕೋಚಿಂಗ್ ಸೆಂಟರುಗಳು ತುಂಬಿರುವ ನಮ್ಮೂರ ಸಪ್ತಾಪುರದಲ್ಲೇ ಇದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ಸಿಲೆಬಸ್ ಎಲ್ಲರಿಗೂ ಸಿಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತವೆ, ಪಾಠಗಳೂ ಫೋನಿನಲ್ಲೇ ಇವೆ. ಆದರೂ ಹಾವೇರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗ ಹುಡುಗಿಯರು ಬಂದು, ರೂಮ್ ಬಾಡಿಗೆ ಕೊಟ್ಟು, ಕೋಚಿಂಗ್ ಫೀ ಕಟ್ಟಿ, ಮೇಲೆ ರೀಡಿಂಗ್ ರೂಮಿನ ಕುರ್ಚಿಗೂ ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಯಾಕೆ? ಇವತ್ತು ಇದನ್ನು ಓದು ಅಂತ ಹೇಳುವವರು ಬೇಕು. ಟೆಸ್ಟ್ ಬರೆಸಿ ಇಲ್ಲಿ ತಪ್ಪಿದೆ ಅಂತ ತೋರಿಸುವವರು ಬೇಕು. ಪಕ್ಕದ ಕುರ್ಚಿಯವನು ಓದುತ್ತಿದ್ದರೆ ಇವನೂ ಓದುತ್ತಾನೆ. ಜನ ರೊಕ್ಕ ಕೊಡುವುದು ಇಂಥದ್ದಕ್ಕೆ. ಆನ್‌ಲೈನ್ ಕೋರ್ಸ್ ಮಾರುವವರಲ್ಲಿ ಬಹಳ ಮಂದಿ ಇದನ್ನು ಬಿಟ್ಟು ಬರೀ ಮಾಹಿತಿ ಮಾರಲು ಹೋಗುತ್ತಾರೆ.

ಬರೀ ವಿಡಿಯೊ ಕೊಟ್ಟು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡವರ ಲೆಕ್ಕವೇ ಇದೆ. ಹಾರ್ವರ್ಡ್ ಮತ್ತು ಎಂಐಟಿ 2012–13ರಲ್ಲಿ ತಮ್ಮ ಮೊದಲ ಆನ್‌ಲೈನ್ ಕೋರ್ಸುಗಳನ್ನು ನಡೆಸಿದಾಗ ನೋಂದಣಿ ಸುಮಾರು 8.4 ಲಕ್ಷ. ಸರ್ಟಿಫಿಕೇಟ್ ಪಡೆದದ್ದು ಸುಮಾರು 43 ಸಾವಿರ. ಅವು ಪುಕ್ಕಟೆ ಇದ್ದವು, ಸುಮ್ನೆ ನೋಡಿ ಹೋಗಲು ಬಂದವರೂ ಇದ್ದರು ಅನ್ನಿ. ಆದರೂ ಅಂಥ ಮಾಸ್ತರರ ಪಾಠದಲ್ಲೇ ಅಷ್ಟು ಜನ ಎದ್ದು ಹೋಗುತ್ತಾರೆ ಅಂದಮೇಲೆ ನಮ್ಮ ನಿಮ್ಮ ಗತಿ?

ಕಸೂತಿಯಲ್ಲಿ ಜನ ಎದ್ದು ಹೋಗುವುದಲ್ಲ, ಶುರುವನ್ನೇ ಮಾಡುವುದಿಲ್ಲ. ವಿಡಿಯೊ ನೋಡುತ್ತಾರೆ, ಆಹಾ ಅನ್ನುತ್ತಾರೆ, ನಾಳೆ ಬಟ್ಟೆ ತರೋಣ ಅನ್ನುತ್ತಾರೆ. ಸುಭಾಸ ರೋಡಿಗೋ ದುರ್ಗದ ಬೈಲಿಗೋ ಪೇಟೆಗೆ ಹೋಗುವ ಆ ನಾಳೆ ಬರುವುದೇ ಇಲ್ಲ. ಅದಕ್ಕೇ ನಾನು ಫೀ ಬಂದ ಕೂಡಲೇ ಒಂದು ಪೊಟ್ಟಣ ಪೋಸ್ಟ್ ಮಾಡುತ್ತೇನೆ. ಎಳೆ ಎಣಿಸಲು ಬರುವಂಥ ಬಿಳಿ ಮ್ಯಾಟಿ ಬಟ್ಟೆಯ ತುಂಡು, ಎರಡು ಬಣ್ಣದ ನೂಲು, ಸೂಜಿ, ಚೌಕಳಿ ಹಾಳೆಯ ಮೇಲೆ ಬರೆದ ಅಂಚು. ಪೊಟ್ಟಣ ಮನೆಗೆ ಬಂದರೆ ಅರ್ಧ ಕೋರ್ಸ್ ಮುಗಿದಂತೆ. ಬಟ್ಟೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಅತ್ತೆಯೋ ಮಗಳೋ ಕೇಳುತ್ತಾರೆ.

ಬಟ್ಟೆಯ ಬಣ್ಣದ ಬಗ್ಗೆ ಒಂದು ಮಾತು. ಹಳೆಯ ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆಯ ಮೇಲೆ ಕಸೂತಿ ಎಷ್ಟು ಚೆಂದವೋ, ಫೋನಿನ ಪರದೆಯಲ್ಲಿ ಅದನ್ನು ಕಲಿಸುವುದು ಅಷ್ಟೇ ಕಷ್ಟ. ಕಸೂತಿ ಅಂದರೆ ಎಳೆ ಎಣಿಕೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ. ಕೆಳಗೆ ಒಂದು ಎಳೆ ತಪ್ಪಿದರೆ ಮೇಲೆ ಗೋಪುರದ ತುದಿ ಕೂಡುವುದಿಲ್ಲ. ಎಳೆ ಕಾಣದ ವಿಡಿಯೊ ಎಷ್ಟು ಎಚ್‌ಡಿ ಇದ್ದರೂ ದಂಡ. ಬಿಳಿ ಬಟ್ಟೆ, ಕೆಂಪು ನೂಲು, ಕಿಟಕಿಯ ಬೆಳಕು, ಫೋನು ಮೇಲಿಂದ ನೇರವಾಗಿ ಕೈ ನೋಡುವಂತೆ. ನಿಮ್ಮ ಮುಖ ಬೇಕಾಗಿಲ್ಲ. ಒಂದು ವಿಡಿಯೊದಲ್ಲಿ ಒಂದೇ ಕೆಲಸ.

ಇನ್ನು ಬಟ್ಟೆಯ ಹಿಂಬದಿ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಬಂದರೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುರ್ಗಿ ಹೊಲಿಗೆಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ. ನೇಯ್ದಂತೆ ಕಾಣುವ ನೇಗಿ, ಕ್ರಾಸ್ ಹೊಲಿಗೆಯ ಮೆಂತಿ, ಇವೆರಡಕ್ಕೆ ಈ ಕಟ್ಟುಪಾಡು ಇಲ್ಲ. ಮುಂಬದಿಯ ಫೋಟೊ ಕಳಿಸಿ "ಹೆಂಗ್ ಬಂದೈತ್ರಿ?" ಅಂತ ಕೇಳಿದರೆ ನಾನು ಏನೂ ಹೇಳುವುದಿಲ್ಲ, ತಿರುಗಿಸಿ ಕಳಿಸಿ ಅನ್ನುತ್ತೇನೆ. ಎಲ್ಲಿ ದಾರಿ ತಪ್ಪಿದಳು, ಎಲ್ಲಿ ನೂಲು ಹಾರಿಸಿದಳು, ಎಲ್ಲಿ ಕಳ್ಳಗಂಟು ಹಾಕಿದಳು, ಎಲ್ಲಾ ಅಲ್ಲಿ ಕಾಣುತ್ತದೆ. ಆ ಫೋಟೊ ಮೇಲೆ ಬೆರಳಿನಿಂದ ಒಂದು ಸುತ್ತು ಗುರುತು ಹಾಕಿ, ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ: "ಇಲ್ಲೀತನಾ ಬಿಚ್ಚವ್ವಾ, ಎರಡು ಎಳಿ ಜಾಸ್ತಿ ಹಿಡದೀ." ನನ್ನ ಕೋರ್ಸ್ ಅಂದರೆ ಇದೇ. ವಿಡಿಯೊ ಅದರ ಜೊತೆಗೆ ಬರುತ್ತದೆ.

ವಿಡಿಯೊ ಕದಿಯುತ್ತಾರಲ್ಲ ಅಂತ ಹೆದರುವವರಿಗೂ ಇದೇ ಉತ್ತರ. ಕದಿಯುತ್ತಾರೆ, ಟೆಲಿಗ್ರಾಂಗೆ ಹಾಕುತ್ತಾರೆ. ವಾಯ್ಸ್ ಮೆಸೇಜ್ ಕದ್ದು ಏನು ಮಾಡುತ್ತಾರೆ?

ಹೀಗೆ ತಿದ್ದುತ್ತಾ ಕೂರುವುದಕ್ಕೆ ದಿನವೂ ಹೊತ್ತು ಬೇಕು. ಆದ್ದರಿಂದ ಬ್ಯಾಚಿಗೆ ಇಷ್ಟೇ ಜನ ಅಂತ ಮಿತಿ ಇಟ್ಟುಕೊಂಡಿದ್ದೇನೆ. "ಒಮ್ಮೆ ರೆಕಾರ್ಡ್ ಮಾಡಿ, ಮಲಗಿದ್ದಾಗಲೂ ಗಳಿಸಿ" ಅನ್ನುವ ಸರ್‌ಗಳ ಮಾತು ನನಗೆ ಹಿಡಿಸುವುದಿಲ್ಲ. 99 ರೂಪಾಯಿಯ ವೆಬಿನಾರ್, ಕೆಳಗೆ ಓಡುವ ಗಡಿಯಾರ, ಗಳಿಕೆಯ ಸ್ಕ್ರೀನ್‌ಶಾಟ್, ಕಡೆಗೆ ಇಪ್ಪತ್ತು ಮೂವತ್ತು ಸಾವಿರದ ಕೋರ್ಸ್. ಅವರು ಹೇಳಿಕೊಡುವ ವಿದ್ಯೆ ಕೋರ್ಸ್ ಮಾರುವುದು. ಆ ಕೋರ್ಸ್ ಬಿಟ್ಟು ಬೇರೆ ಏನನ್ನಾದರೂ ಮಾರಿದ್ದಾರಾ ಅಂತ ಕೇಳಿ ನೋಡಿ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳಿಗೆ ನಿಯಮ ತಂದಿತು. ಸುಳ್ಳು ಭರವಸೆ ಕೊಡಬಾರದು, ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು, ಫೋಟೊ ಬಳಸಬಾರದು ಅಂತ ಅದರಲ್ಲಿದೆ. ಕಲೆ, ಕುಣಿತ ಕಲಿಸುವವರು ಅದರೊಳಗೆ ಬರುವುದಿಲ್ಲ. ಆದರೂ ನಾನು ಪಾಲಿಸುತ್ತೇನೆ. ಕಲಿತವರ ಮುಖ ಹಾಕುವುದಿಲ್ಲ, ಕೇಳಿಕೊಂಡು ಅವರ ಬಟ್ಟೆಯ ಫೋಟೊ ಹಾಕುತ್ತೇನೆ, ಎರಡೂ ಬದಿ. ನನಗೆ ಹೊಸಬರು ಬರುವುದು ಜಾಸ್ತಿ ಅದರಿಂದಲೇ.

ಮೊದಲ ಸಲ ಮಾಡುವವರು ದಯವಿಟ್ಟು ನಲವತ್ತು ವಿಡಿಯೊ ರೆಕಾರ್ಡ್ ಮಾಡಿಕೊಂಡು ಆಮೇಲೆ ಮಾರಲು ಹೊರಡಬೇಡಿ. ಎಂಟು ಹತ್ತು ಜನರನ್ನು ಸೇರಿಸಿ, ರೊಕ್ಕ ತಗೊಂಡೇ ಲೈವ್ ಕಲಿಸಿ. ಪರಿಚಯದವರಾದರೂ ರೊಕ್ಕ ತಗೊಳ್ಳಿ, ಪುಕ್ಕಟೆ ಬಂದವರು ಹೋಮ್‌ವರ್ಕ್ ಮಾಡುವುದಿಲ್ಲ. ಝೂಮ್‌ನ ಪುಕ್ಕಟೆ ಖಾತೆ 40 ನಿಮಿಷಕ್ಕೆ ಕಟ್ ಆಗುತ್ತದೆ, ಗೂಗಲ್ ಮೀಟ್ ಗುಂಪಿಗೆ ಒಂದು ತಾಸು ಕೊಡುತ್ತದೆ. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಸೂಜಿ ಹಿಡಿದು ಪರದೆ ನೋಡಲು ಆಗುವುದಿಲ್ಲ. ಅವರು ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ಯಾವ ಜಾಗದಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡರೋ ಅದನ್ನೇ ಆಮೇಲೆ ರೆಕಾರ್ಡ್ ಮಾಡಿ. ನಿಮ್ಮ ಭಾಷೆಯಲ್ಲೇ ಮಾತಾಡಿ. ಟಿವಿ ನಿರೂಪಕಿಯ ಹಾಗೆ ಮಾತಾಡಲು ಹೋದರೆ ಕೈ ಒಂದು ಹೇಳುತ್ತದೆ, ಬಾಯಿ ಒಂದು.

ರೊಕ್ಕದ ವಿಷಯ ಬೇಗ ಮುಗಿಸುತ್ತೇನೆ. ಶುರುವಿಗೆ ಯುಪಿಐ ಕ್ಯೂಆರ್ ಸಾಕು. ಉಡೆಮಿಯಂಥ ಆನ್‌ಲೈನ್ ಕೋರ್ಸ್ ಸಂತೆಗೆ ಹೋದರೆ ಅವರೇ ಗಿರಾಕಿ ತಂದಾಗ ನಿಮಗೆ ಬರುವುದು 37 ಪ್ರತಿಶತ, ನಿಮ್ಮ ಲಿಂಕಿನಿಂದ ಬಂದವರಾದರೆ 97. ಅಂದರೆ ಗಿರಾಕಿ ತರುವುದಕ್ಕೇ ಅಷ್ಟು ಬೆಲೆ. ಕಲಿಸುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಇಂಥ ಕೋರ್ಸಿಗೆ ದರ 18 ಪ್ರತಿಶತ. ಪೊಟ್ಟಣ ಅಂದರೆ ಸರಕು, ಅದರ ನಿಯಮ ಬೇರೆ. ಬೇರೆ ರಾಜ್ಯಕ್ಕೆ ಕಳಿಸುವವರು ಸಿಎ ಒಬ್ಬರನ್ನು ಮೊದಲೇ ಕೇಳಿಕೊಳ್ಳಿ. ಬೆಲೆ ಇಡುವಾಗ ತಿದ್ದುವ ಹೊತ್ತಿಗೂ ಕೂಲಿ ಹಿಡಿಯಿರಿ. ನಮ್ಮ ಹೆಣ್ಣುಮಕ್ಕಳು ನೂಲು, ಬಟ್ಟೆ, ಅಂಚೆ ಖರ್ಚು ಎಲ್ಲಾ ಪೈಸೆಗೆ ಪೈಸೆ ಕೂಡಿಸಿ, ತಮ್ಮ ದುಡಿಮೆಯನ್ನು ಮಾತ್ರ ಸೊನ್ನೆ ಬರೆಯುತ್ತಾರೆ.

ಇನ್ನು ಬ್ಯಾಚ್ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಆ ವೆಬಿನಾರ್ ಸರ್‌ಗಳು ಯಾರೂ ಸರಿಯಾಗಿ ಹೇಳುವುದಿಲ್ಲ. ಅವರು ಜನವರಿ ಒಂದು ಅನ್ನುತ್ತಾರೆ. ನಮ್ಮ ಕಡೆ ಸಂಕ್ರಮಣ ಮುಗಿದ ಮೇಲಿಂದ ಯುಗಾದಿವರೆಗೆ ಒಳ್ಳೆಯ ಕಾಲ. ಮೇ ತಿಂಗಳು ಮದುವೆ, ತವರುಮನೆ. ಜೂನ್ ಮೊದಲ ವಾರ ಶಾಲೆ ಗದ್ದಲ, ಅದು ತಣ್ಣಗಾದ ಮೇಲೆ ಒಂದು ಬ್ಯಾಚ್ ಹಿಡಿಯಬಹುದು. ಹೊತ್ತು ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು. ಪಂಚಮಿಗೆ ಉಂಡಿ ಕಟ್ಟುವ ವಾರ ಮಾತ್ರ ಯಾವ ಕ್ಲಾಸೂ ಇಡಬೇಡಿ. ಯಾರೂ ಬರುವುದಿಲ್ಲ, ನಾನೂ ಇರುವುದಿಲ್ಲ.