ಹವಳಕ್ಕೂ ಹೊಟ್ಟೆಯಿದೆ ಸ್ವಾಮಿ

ಮನೆಯ ಅಕ್ವೇರಿಯಂಗೆ ಅಪರೂಪದ ಜೀವಂತ ಹವಳ ತಂದಿದ್ದೇನೆ ಅಂತ ಯಾರಾದರೂ ಫೋಟೋ ಕಳಿಸಿದರೆ ನಾನು ಅದರ ಹೆಸರು ಕೇಳುವುದಿಲ್ಲ, ಬೆಲೆಯಂತೂ ಕೇಳುವುದೇ ಇಲ್ಲ. ಊಟಕ್ಕೆ ಏನು ಹಾಕ್ತೀರಿ ಅಂತ ಕೇಳ್ತೇನೆ. ಬಹಳಷ್ಟು ಜನ ಅಲ್ಲೇ ತಡವರಿಸ್ತಾರೆ. ಲೈಟಿನ ಬ್ರ್ಯಾಂಡ್ ಹೇಳ್ತಾರೆ, ಎಷ್ಟು ಗಂಟೆಗೆ ನೀಲಿ ಹತ್ತುತ್ತೆ, ಎಷ್ಟು ಗಂಟೆಗೆ ಬಿಳಿ ಹತ್ತುತ್ತೆ ಅಂತ ವೇಳಾಪಟ್ಟಿ ಒಪ್ಪಿಸ್ತಾರೆ, ನೀರಿನ ಆಲ್ಕಲಿನಿಟಿ (ಕ್ಷಾರೀಯತೆ) ಅಲುಗಾಡದ ಹಾಗೆ ಹಿಡಿದಿಟ್ಟಿದ್ದೀನಿ ಅಂತ ಬೀಗ್ತಾರೆ. ಊಟದ ಮಾತು ಬಂದರೆ ಮಾತ್ರ, "ಅದಕ್ಕೆ ಬೆಳಕೇ ಊಟ ಅಲ್ವಾ ಸಾರ್?" ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ನನ್ನ ವಾದ ಇಷ್ಟೇ. ಊಟದ ವ್ಯವಸ್ಥೆ ಮೊದಲು, ಹವಳ ಆಮೇಲೆ. ಅಪರೂಪದ್ದಾದರೆ ಈ ನಿಯಮ ಇನ್ನೂ ಬಿಗಿ.

ಬೆಳಕೇ ಊಟ ಅನ್ನುವುದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳದ ಉಪ್ಪುನೀರಿನ ತೊಟ್ಟಿಯಲ್ಲಿ, ನಾವು ಸಾಕುವ ಬಹುಪಾಲು ಹವಳಗಳ ಜೀವಕೋಶದೊಳಗೇ ಝೂಕ್ಸಾಂಥೆಲ್ಲೆ ಎಂಬ ಪಾಚಿ ಮನೆ ಮಾಡಿಕೊಂಡಿರುತ್ತದೆ. ಅದು ದ್ಯುತಿಸಂಶ್ಲೇಷಣೆ ಮಾಡಿ ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಕೊಡಬಲ್ಲದು. ಆದರೆ ಅದು ಕೊಡುವುದು ಹೆಚ್ಚಾಗಿ ಸಕ್ಕರೆ, ಕೊಬ್ಬು. ಮೈ ಕಟ್ಟಲು ಬೇಕಾದ ಸಾರಜನಕ, ರಂಜಕ ಅದರಲ್ಲಿ ತೀರಾ ಕಡಿಮೆ. ಅದನ್ನು ಹವಳ ಬೇಟೆಯಾಡಿಯೋ ನೀರಿನಿಂದ ಹೀರಿಯೋ ಸಂಪಾದಿಸಬೇಕು. ವಿಜ್ಞಾನಿಗಳೂ ಈ ವಿಷಯದಲ್ಲಿ ಆ ದಡ ಈ ದಡ ಎರಡನ್ನೂ ಮುಟ್ಟಿ ಬಂದವರೇ. 1928-29ರಲ್ಲಿ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋದ ತಂಡದ ನಾಯಕ ಮಾರಿಸ್ ಯಂಗ್, ಹವಳ ಅಪ್ಪಟ ಮಾಂಸಾಹಾರಿ, ಒಳಗಿನ ಪಾಚಿಯಿಂದ ಅದಕ್ಕೆ ಊಟ ಸಿಗುವುದಿಲ್ಲ ಎಂಬ ನಿಲುವಿಗೆ ಬಂದಿದ್ದರು. 1958ರಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್ ಎಂಬ ವಿಜ್ಞಾನಿಗಳು ವಿಕಿರಣಶೀಲ ಇಂಗಾಲ ಬಳಸಿ, ಪಾಚಿ ತಯಾರಿಸಿದ್ದು ಹವಳದ ನೆಂಟನಾದ ಸಮುದ್ರ ಅನಿಮೋನ್‌ನ ಮೈಗೆ ಸೇರುವುದನ್ನು ತೋರಿಸಿದರು. ಆಮೇಲೆ ಗಾಳಿ ಪೂರ್ತಿ ಬೆಳಕೇ ಊಟ ಅನ್ನುವ ಕಡೆಗೆ ತಿರುಗಿತು. ನಮ್ಮ ಹವ್ಯಾಸದಲ್ಲಿ ಇನ್ನೂ ಅದೇ ಗಾಳಿ.

ಇನ್ನು "ಅಪರೂಪ" ಅನ್ನುವ ಮಾತು. ಮಾರುಕಟ್ಟೆಯಲ್ಲಿ ಅಪರೂಪ ಎನಿಸಿಕೊಂಡವುಗಳಲ್ಲಿ ಹೆಚ್ಚಿನವು ಬಣ್ಣದಲ್ಲಷ್ಟೇ ಅಪರೂಪ. ಸಾಧಾರಣ ಮಶ್ರೂಮ್ ಹವಳದ ಮೇಲೆ ನಾಲ್ಕು ಗುಳ್ಳೆ ಎದ್ದರೆ ಅದಕ್ಕೊಂದು ಸಿನಿಮೀಯ ಹೆಸರು, ಉಗುರಿನಷ್ಟು ತುಂಡಿಗೆ ಕಣ್ಣು ಕುಕ್ಕುವ ಬೆಲೆ. ಫೋಟೋ ತೆಗೆಯುವುದು ಕಡುನೀಲಿ ಬೆಳಕಿನಲ್ಲಿ, ಮೈಯೊಳಗಿನ ಪ್ರತಿದೀಪ್ತ ಪ್ರೋಟೀನುಗಳು ಝಗ್ ಅಂತ ಹೊಳೆಯಲಿ ಅಂತ. ಬಿಳಿ ಬೆಳಕಿಗೆ ತಂದರೆ ಅದೇ ಹವಳ ಸಪ್ಪೆ ಮುಖ ಮಾಡಿಕೊಂಡು ಕೂತಿರುತ್ತದೆ. ಇವುಗಳ ಬಗ್ಗೆ ನನಗೆ ತಕರಾರೇನೂ ಇಲ್ಲ. ದುಡ್ಡಿದ್ದವರು ತರಲಿ, ಬೆಳೆಸಲಿ, ತುಂಡು ಮಾಡಿ ಹಂಚಲಿ. ಸಾಕುವುದಕ್ಕೆ ಅವು ಕಷ್ಟದವಲ್ಲ.

ಸಾಕುವುದೇ ಅಪರೂಪವಾದ ಹವಳಗಳು ಬೇರೆ ಇವೆ. ಮೈಯಲ್ಲಿ ಪಾಚಿಯೇ ಇಲ್ಲದವು. ಟ್ಯುಬಾಸ್ಟ್ರಿಯಾ, ಡೆಂಡ್ರೊಫಿಲಿಯಾ, ರೈಜೊಟ್ರೋಕಸ್, ಸ್ವಿಫ್ಟಿಯಾ ಗಾರ್ಗೋನಿಯನ್, ಡೆಂಡ್ರೊನೆಫ್ತಿಯಾ. ಇವುಗಳಿಗೆ ನಿಮ್ಮ ಲೈಟಿನಿಂದ ಕವಡೆ ಪ್ರಯೋಜನವಿಲ್ಲ. ತುತ್ತು ತುತ್ತೂ ನೀವೇ ಕೊಡಬೇಕು.

ಇವುಗಳಲ್ಲಿ ಅತಿ ಸುಂದರವಾದದ್ದೂ ಅತಿ ಹೆಚ್ಚು ಸಾಯುವುದೂ ಡೆಂಡ್ರೊನೆಫ್ತಿಯಾ, ಕಾರ್ನೇಶನ್ ಕೋರಲ್ ಅಂತ ಮಾರುತ್ತಾರಲ್ಲ, ಅದು. ಗಾಜಿನಂತೆ ಪಾರದರ್ಶಕ ದಂಟು, ಅದರೊಳಗೆ ಬಿಳಿ ಸುಣ್ಣದ ಸೂಜಿಗಳು ಹರಡಿರುವುದು ಬರಿಗಣ್ಣಿಗೇ ಕಾಣುತ್ತದೆ, ತುದಿಯಲ್ಲಿ ಕೆಂಪೋ ನೇರಳೆಯೋ ಗೊಂಚಲು. ನೋಡಿದವರಿಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಇದು ತಿನ್ನುವುದು ಏನು? ಫ್ಯಾಬ್ರಿಸಿಯಸ್, ಬೆನಾಯಾಹು, ಗೆನಿನ್ ಎಂಬ ಮೂವರು 1995ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕೆಂಪು ಸಮುದ್ರದ ಡೆಂಡ್ರೊನೆಫ್ತಿಯಾ ಮೇಲಿನ ಅಧ್ಯಯನ ಪ್ರಕಟಿಸಿದರು. ಅದರ ಮುಖ್ಯ ಆಹಾರ ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ. ಪಾಚಿಯಿಲ್ಲದ ಹವಳ ಎಂದರೆ ಕುಟುಕಿ ಹಿಡಿಯುವ ಬೇಟೆಗಾರ ಎಂದುಕೊಂಡಿದ್ದ ಕಾಲದಲ್ಲಿ ಇದು ಸಸ್ಯಾಹಾರಿ ಅಂತ ಗೊತ್ತಾಯಿತು!

ಸಮುದ್ರದಲ್ಲಿ ಅದಕ್ಕೆ ಪ್ರವಾಹ ಹಗಲೂ ರಾತ್ರಿ ಈ ಪಾಚಿಯನ್ನು ಹೊತ್ತು ತರುತ್ತದೆ. ಒಂದೊಂದು ತುತ್ತೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಬರುವುದು ನಿಲ್ಲುವುದಿಲ್ಲ. ಟ್ಯಾಂಕಿನಲ್ಲಿ ದಿನಕ್ಕೆರಡು ಸಲ ಹಸಿರು ನೀರು ಸುರಿದರೆ ಏನಾಗುತ್ತದೆ? ಸುರಿದದ್ದರಲ್ಲಿ ಒಂದಷ್ಟು ನೊರೆಯ ಜೊತೆ ಕೊಳೆ ಎತ್ತುವ ಸ್ಕಿಮ್ಮರ್ ಪಾಲು, ಉಳಿದದ್ದು ಫಿಲ್ಟರ್ ಪಾಲು. ಹವಳ ಮಾತ್ರ ಬೆಳಿಗ್ಗೆ ಚೆನ್ನಾಗಿ ಉಬ್ಬಿಕೊಂಡು ನಿಂತಿರುತ್ತದೆ, ಯಜಮಾನರು ಖುಷಿ. ಈ ಹವಳ ಸಾಯುವ ರೀತಿಯೇ ಹಾಗೆ. ಕೊಳೆಯುವುದಿಲ್ಲ, ಬಿಳಿಚಿಕೊಳ್ಳುವುದಿಲ್ಲ, ತನ್ನ ಮೈಯನ್ನೇ ತಾನು ತಿನ್ನುತ್ತಾ ಸಣ್ಣಗಾಗುತ್ತದೆ. ತಂದ ದಿನದ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ವಾರಗಳಲ್ಲೋ ತಿಂಗಳುಗಳಲ್ಲೋ ಕತೆ ಮುಗಿಯುತ್ತದೆ. ದಿನವಿಡೀ ಹನಿಹನಿಯಾಗಿ ಆಹಾರ ಬಿಡುವ ಪಂಪು, ಹರಿವು ಒಂದೇ ದಿಕ್ಕಿಗೆ ನಿಲ್ಲದೆ ಸಾಗುವಂಥ ತೊಟ್ಟಿ, ಅಷ್ಟು ಆಹಾರದ ಕೊಳೆ ತೊಳೆಯುವ ಸಾಮರ್ಥ್ಯ, ಇವೆಲ್ಲ ಇದ್ದವರು ಪ್ರಯತ್ನಿಸಲಿ. ಮನೆಯ ಸಾಮಾನ್ಯ ಟ್ಯಾಂಕಿಗೆ ಇದನ್ನು ತರಬೇಡಿ. ಇದನ್ನು ನಾನು ಸಲಹೆ ಅಂತ ಹೇಳುತ್ತಿಲ್ಲ, ಜಗಳಕ್ಕೇ ಹೇಳುತ್ತಿದ್ದೇನೆ.

ಸರಿ, ಬೆಳಕಿಲ್ಲದೆ ಬದುಕುವ ಹವಳ ಬೇಕೇ ಬೇಕು ಅನ್ನುವವರಿಗೆ ಟ್ಯುಬಾಸ್ಟ್ರಿಯಾ ಇದೆ, ಸನ್ ಕೋರಲ್. ಬಾಯಿ ದೊಡ್ಡದು, ಹಾಗಾಗಿ ದಾರಿ ಸುಲಭ. ಹಗಲಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಮುದ್ದೆ, ಅಲ್ಲಲ್ಲಿ ಗುಬುಟು. ಟ್ಯಾಂಕಿನ ಲೈಟ್ ಆರಿದ ಮೇಲೆ ಅಲೆ ಎಬ್ಬಿಸುವ ವೇವ್‌ಮೇಕರ್ ನಿಲ್ಲಿಸಿ, ಹೆಪ್ಪುಗಟ್ಟಿಸಿದ ಮೈಸಿಸ್ (ಪುಟ್ಟ ಸಿಗಡಿಯಂಥ ಜೀವಿ) ಕರಗಿಸಿದ ನೀರನ್ನು ನಾಲ್ಕು ಹನಿ ಅದರ ಹತ್ತಿರ ಬಿಡಿ. ಆತುರ ಬೇಡ. ಮೊದಲು ಬಾಯಿಯ ಸುತ್ತ ಒಂದು ಹಳದಿ ಅಂಚು ಮೂಡುತ್ತದೆ, ಆಮೇಲೆ ಒಂದೊಂದೇ ಗ್ರಹಣಾಂಗ ಹೊರಗೆ ಬರುತ್ತದೆ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಮುದ್ದೆ ಇದ್ದ ಜಾಗದಲ್ಲಿ ಹೂವಿನ ರಾಶಿ. ಪಿಪೆಟ್‌ನಿಂದ ಒಂದು ಮೈಸಿಸ್ ತಾಗಿಸಿದರೆ ಗ್ರಹಣಾಂಗಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ, ಬಾಯಿ ಸೀಳಿನಂತೆ ತೆರೆಯುತ್ತದೆ, ಸಿಗಡಿಯ ಕಪ್ಪು ಕಣ್ಣು ಒಳಗೆ ಜಾರುವುದು ಚರ್ಮದ ಮೂಲಕವೇ ಮಸುಕಾಗಿ ಕಾಣುತ್ತದೆ. ಇದನ್ನು ನೋಡಿದ ಮೇಲೆ ಹವಳವನ್ನು ಗಿಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಪ್ರತಿ ಪಾಲಿಪ್‌ಗೂ ಬೇರೆಬೇರೆಯಾಗಿ ಕೊಡಬೇಕು, ಪಾಲಿಪ್ ಅಂದರೆ ಆ ರಾಶಿಯ ಒಂದೊಂದು ಬಾಯಿಯ ಜೀವಿ. ಒಂದು ತಿಂದದ್ದು ಪಕ್ಕದ್ದಕ್ಕೂ ತಲುಪಿಬಿಡುತ್ತದೆ ಅಂತ ನಂಬಿ ಕೂರಬೇಡಿ. ಮೂಲೆಯಲ್ಲಿರುವ ಪಾಲಿಪ್ ಹೊಸ ಹವಳದಲ್ಲಿ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಅದಕ್ಕೆ ತಾಳ್ಮೆ ಬೇಕು. ಇನ್ನು ಕ್ಲೀನರ್ ಸಿಗಡಿ ಎಂಬ ಕಳ್ಳ! ಹವಳ ಇನ್ನೂ ನುಂಗುತ್ತಿರುವಾಗಲೇ ಬಾಯೊಳಗೆ ಕೈ ಹಾಕಿ ಕಿತ್ತುಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ಮೇಲ್ಭಾಗವನ್ನು ಹವಳದ ಮೇಲೆ ಕವಿಚಿ, ಅದರ ಬಾಯಿಂದ ಊಟ ಬಿಡುವುದು ಇದಕ್ಕಿರುವ ಹಳೆಯ ಉಪಾಯ. ಚೆನ್ನಾಗಿ ಕೆಲಸ ಮಾಡುತ್ತದೆ.

ತಮಾಷೆ ನೋಡಿ, ಇದೇ ಟ್ಯುಬಾಸ್ಟ್ರಿಯಾ ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ಮೂಲದ್ದು. ಕೆರಿಬಿಯನ್‌ನಲ್ಲೂ ಬ್ರೆಜಿಲ್ ಕರಾವಳಿಯಲ್ಲೂ ಅದು ಆಕ್ರಮಣಕಾರಿ ಕಳೆ. ಹಡಗಿನ ತಳ, ತೈಲ ವೇದಿಕೆ, ಎಲ್ಲಿ ಬೇಕಾದರೂ ಅಂಟಿಕೊಂಡು ಸ್ಥಳೀಯ ಜೀವಿಗಳನ್ನು ಒತ್ತರಿಸುತ್ತಿದೆ. ನಮ್ಮ ತೊಟ್ಟಿಯಲ್ಲಿ ಉಪವಾಸ ಸಾಯುವುದೂ ಅದೇ. ಸಾಕಲು ಆಗಲಿಲ್ಲ ಅಂತ ಯಾವುದನ್ನೂ ಸಮುದ್ರಕ್ಕೆ ಬಿಡಬೇಡಿ.

ಊಟದಲ್ಲಿ ಮುಖ್ಯವಾದದ್ದು ಅಳತೆ. ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ) ಮರಿ ಸುಮಾರು 400ರಿಂದ 500 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿ 100ರಿಂದ 300, ನ್ಯಾನೊಕ್ಲೊರಾಪ್ಸಿಸ್ ಪಾಚಿ 2ರಿಂದ 4. ಸನ್ ಕೋರಲ್‌ಗೆ ಆ ಪಾಚಿ ಸುರಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ, ಡೆಂಡ್ರೊನೆಫ್ತಿಯಾಗೆ ಮೈಸಿಸ್ ಕೊಟ್ಟರೆ ಅದಕ್ಕೆ ನುಂಗಲು ಬಾಯಿಯೇ ಇಲ್ಲ. ಹವಳದ ಆಹಾರದ ಬಾಟಲಿಯ ಮೇಲೆ "ಎಲ್ಲಾ ಹವಳಗಳಿಗೂ" ಅಂತ ಬರೆದಿರುತ್ತಾರಲ್ಲ, ಅದನ್ನು ಓದಿದಾಗೆಲ್ಲ ನನಗೆ ನಗು. ಹಾಕಿದ ಕೂಡಲೇ ಪಾಲಿಪ್ ಅರಳಿತು ಅನ್ನುವುದೂ ಸಾಕ್ಷಿಯಲ್ಲ. ವಾಸನೆಗೆ ಬಾಯಿ ತೆರೆಯುವುದು ಬೇರೆ, ಹೊಟ್ಟೆ ತುಂಬುವುದು ಬೇರೆ. ದೊಡ್ಡ ತುಂಡು ಕೊಟ್ಟರೆ ಎರಡು ಮೂರು ಗಂಟೆ ಬಿಟ್ಟು ಅರೆಬರೆ ಕರಗಿದ್ದನ್ನು ಉಗುಳಿಬಿಡುತ್ತದೆ, ನಾವು ಆಗ ಮಲಗಿರುತ್ತೇವೆ.

ನನ್ನ ಕೇಳಿದರೆ ಮನೆಯಲ್ಲಿ ಜೀವಂತ ಆಹಾರ ಬೆಳೆಸುವುದೇ ಸರಿ. ಹವಳ ಕೊಳ್ಳುವ ತಿಂಗಳುಗಳ ಮೊದಲೇ ಶುರು ಮಾಡಿ. ಆರ್ಟೀಮಿಯಾ ಮೊಟ್ಟೆ ಉಪ್ಪುನೀರಿನಲ್ಲಿ ಸುಮಾರು ಒಂದು ದಿನಕ್ಕೆ ಒಡೆಯುತ್ತದೆ. ಆ ಮರಿಗೆ ಮೊದಲು ಬಾಯಿಯೇ ತೆರೆದಿರುವುದಿಲ್ಲ, ಮೊಟ್ಟೆಯ ಭಂಡಾರವನ್ನೇ ಕರಗಿಸಿಕೊಂಡು ಈಜುತ್ತಿರುತ್ತದೆ. ಒಡೆದ ಕೆಲವೇ ಗಂಟೆಗಳಲ್ಲಿ ಕೊಟ್ಟರೆ ಪುಷ್ಟಿ, ತಡಮಾಡಿದಷ್ಟೂ ಅದು ಬರೀ ಸಿಪ್ಪೆ. ರೋಟಿಫರ್ ಸಾಕಬೇಕಾದರೆ ಅದಕ್ಕೆ ಪಾಚಿ ಬೆಳೆಯಬೇಕು, ಪಾಚಿಯ ಡಬ್ಬವನ್ನೂ ರೋಟಿಫರ್ ಡಬ್ಬವನ್ನೂ ಒಂದೇ ಕೋಣೆಯಲ್ಲಿ ಇಡಬಾರದು. ರೋಟಿಫರ್ ನೀರಿನ ಒಂದು ಹನಿ ಪಾಚಿಗೆ ಸಿಡಿದರೂ ಸಾಕು, ಕೆಲವೇ ದಿನಗಳಲ್ಲಿ ಹಸಿರು ಮಾಯ. ಮನೆಯವರ ಬೈಗುಳ ಈ ಹಂತದಲ್ಲೇ ಶುರುವಾಗುತ್ತದೆ, ಗುಳುಗುಳು ಅನ್ನುವ ಹಸಿರು ಬಾಟಲಿಗಳ ಪಕ್ಕದಲ್ಲಿ ಯಾರು ತಾನೇ ಮಲಗುತ್ತಾರೆ? ಆದರೂ ನಾಲ್ಕಾರು ತಿಂಗಳು ಈ ಡಬ್ಬಗಳನ್ನು ಕೆಡದಂತೆ ನಡೆಸಿದವರಿಗೆ ಹವಳ ಸಾಕುವ ಕೈ ಬಂದಿದೆ ಅಂತಲೇ ಲೆಕ್ಕ.

ನೀರು ಕೆಡುವುದಿಲ್ಲವೇ? ಕೆಡುತ್ತದೆ. ಹಾಕಿದ್ದೆಲ್ಲ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ಉಳಿಯುತ್ತದೆ, ಫಾಸ್ಫೇಟ್ ಏರಿದರೆ ಕಲ್ಲುಹವಳ ಅಸ್ಥಿ ಕಟ್ಟುವುದು ನಿಧಾನವಾಗುತ್ತದೆ. ಅದಕ್ಕೆ ಔಷಧ ಊಟ ನಿಲ್ಲಿಸುವುದಲ್ಲ, ಹೊರಹಾಕುವುದನ್ನು ಹೆಚ್ಚಿಸುವುದು. ದೊಡ್ಡ ಸ್ಕಿಮ್ಮರ್, ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಕೀಟೊಮಾರ್ಫಾ ಪಾಚಿ, ನಿಯಮಿತವಾಗಿ ನೀರು ಬದಲಾವಣೆ. ಪರೀಕ್ಷೆಯಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸಬೇಕು ಎಂಬ ಹಟ ನನಗೆ ಅರ್ಥವಾಗುವುದಿಲ್ಲ. ಎರಡೂ ಸೊನ್ನೆಗಿಳಿದ ಟ್ಯಾಂಕಿನಲ್ಲಿ ಹವಳ ಪೇಲವವಾಗುತ್ತದೆ, ಮರಳಿನ ಮೇಲೆ ಡೈನೊಫ್ಲಾಜಲೇಟ್ ಎಂಬ ಸೂಕ್ಷ್ಮಜೀವಿಯ ಕಂದು ಲೋಳೆ ಹಬ್ಬುತ್ತದೆ. ಬೆಳಕು ಉಣ್ಣುವ ಹವಳಗಳಿಗೆ ಮೀನಿಗೆ ಧಾರಾಳವಾಗಿ ಊಟ ಹಾಕುವುದೇ ಅರ್ಧ ಸೇವೆ, ಮೀನಿನ ವಿಸರ್ಜನೆಯೇ ಅವಕ್ಕೆ ಗೊಬ್ಬರ. ಅವಕ್ಕೆಂದು ಬೇರೆ ಬಾಟಲಿ ತರಬೇಕಿಲ್ಲ.

ಊಟದ ಕಡೆ ಗಮನ ಕೊಟ್ಟರೆ ಏನಾಗಬಹುದು ಅನ್ನುವುದಕ್ಕೆ ಗೋನಿಯೊಪೊರಾ ಇದೆ. ಉದ್ದ ಕತ್ತಿನ ಪಾಲಿಪ್, ಪ್ರತಿಯೊಂದಕ್ಕೂ 24 ಗ್ರಹಣಾಂಗ. (12 ಇದ್ದರೆ ಅದು ಆಲ್ವಿಯೊಪೊರಾ, ಮಾರುವವರೇ ಎಷ್ಟೋ ಸಲ ಅದಲು ಬದಲು ಮಾಡುತ್ತಾರೆ.) ಒಂದು ಕಾಲದಲ್ಲಿ ಇದು ತಂದ ವರ್ಷದೊಳಗೆ ಸಾಯುವ ಹವಳ ಅಂತಲೇ ಕುಖ್ಯಾತ. ಮುಟ್ಟಬೇಡಿ ಅಂತ ಎಲ್ಲರೂ ಎಚ್ಚರಿಸುತ್ತಿದ್ದರು. ಈಗ ಸಣ್ಣ ಕಣದ ಆಹಾರ ಕೊಟ್ಟು, ಕಬ್ಬಿಣ, ಮ್ಯಾಂಗನೀಸ್‌ನಂಥ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಧಾತುಗಳ ಮೇಲೆ ಕಣ್ಣಿಟ್ಟು ವರ್ಷಗಟ್ಟಲೆ ಸಾಕುತ್ತಿರುವವರು ಬೇಕಾದಷ್ಟಿದ್ದಾರೆ, ತುಂಡು ಮಾಡಿ ಹಂಚುವವರೂ ಇದ್ದಾರೆ. ಹಾಗಾಗಿ ಡೆಂಡ್ರೊನೆಫ್ತಿಯಾ ವಿಷಯದಲ್ಲೂ ನಾನು ಬಾಗಿಲು ಪೂರ್ತಿ ಮುಚ್ಚಿಲ್ಲ.

ಆದರೆ ಅದನ್ನು ಸಾಕುವ ದಾರಿ ಸಿಗುವವರೆಗೆ ಸಮುದ್ರದಿಂದ ಕಿತ್ತು ತರುವುದು ನಿಲ್ಲಲಿ. ಕಲ್ಲುಹವಳಗಳೆಲ್ಲವೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಗಡಿ ದಾಟಲು ಪರವಾನಗಿ ಬೇಕು. ಡೆಂಡ್ರೊನೆಫ್ತಿಯಾದಂಥ ಮೆದುಹವಳ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲ ಅಂದರೆ ಎಷ್ಟು ಬೇಕಾದರೂ ತರಬಹುದು ಅಂತ ಅರ್ಥ ಮಾಡಿಕೊಂಡವರನ್ನು ನೋಡಿದ್ದೇನೆ. ಒಂದೊಂದು ದೇಶದ ಕಾನೂನು ಇನ್ನೂ ಕಟ್ಟುನಿಟ್ಟಾಗಿರಬಹುದು, ಮೊದಲು ಅದನ್ನು ತಿಳಿದುಕೊಳ್ಳಿ.

ಇಷ್ಟಾದ ಮೇಲೂ ಸನ್ ಕೋರಲ್ ತರುತ್ತೀರಾದರೆ, ಕೊಳ್ಳುವ ಮುಂಚೆ ಮಾರುವವರಿಗೆ ನಿಮ್ಮೆದುರೇ ಒಂದು ತುತ್ತು ಹಾಕಿ ತೋರಿಸಲು ಹೇಳಿ. ಪಾಲಿಪ್‌ಗಳ ನಡುವಿನ ಚರ್ಮ ಹರಿದು ಬಿಳಿ ಅಸ್ಥಿ ಕಾಣುತ್ತಿದೆಯಾ ನೋಡಿ, ಕಂಡರೆ ಅದು ಹಸಿದು ಬಹಳ ದಿನವಾಗಿದೆ. ಜೊತೆಗೆ, ನೀವು ಹದಿನೈದು ದಿನ ಪ್ರವಾಸ ಹೋದರೆ ಪಿಪೆಟ್ ಹಿಡಿಯುವವರು ಯಾರು ಅಂತ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಆಟೋ ಫೀಡರ್ ಮೀನಿಗೆ ಒಣ ಕಾಳು ಉದುರಿಸುತ್ತದೆ, ಒಂದೊಂದೇ ಪಾಲಿಪ್ ಹುಡುಕಿ ಮೈಸಿಸ್ ತಿನ್ನಿಸುವುದಿಲ್ಲ. ಹೊಟ್ಟೆ ತುಂಬಿದ ಸನ್ ಕೋರಲ್ ವಾರ ತಡೆದುಕೊಳ್ಳಬಹುದು, ಹದಿನೈದು ದಿನ ಅಂದರೆ ನನಗೆ ಧೈರ್ಯವಿಲ್ಲ.