ಆ ಚಿತ್ರದಲ್ಲಿರುವುದು ದೋಹೆ ಬರೆದ ರಹೀಮ್ ಅಲ್ಲ

ಪರ್ಷಿಯನ್ ಹಸ್ತಪ್ರತಿಯೊಂದರ ಚಿತ್ರವಿರುವ ಪುಟ 'ದೋಹೆಗಳ (ಹಿಂದಿಯ ದ್ವಿಪದಿಗಳ) ಕವಿ ರಹೀಮ್' ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಆ ಕವಿ, ಚಿತ್ರದಲ್ಲಿರುವವನು, ಇಬ್ಬರ ಹೆಸರೂ ಅಬ್ದುಲ್ ರಹೀಮ್, ಗೊಂದಲ ಆಗೋದು ಸಹಜ ಅಲ್ವಾ?

ಕವಿ ರಹೀಮ್ ಬೈರಾಮ್ ಖಾನನ ಮಗ, ಅಕ್ಬರನ ಸೇನಾಪತಿ. ಚಿತ್ರದಲ್ಲಿರುವುದು ಲಿಪಿಕಾರ ಅಬ್ದುಲ್ ರಹೀಮ್. 'ಅಂಬರೀನ್ ಕಲಂ' (ಪರಿಮಳದ ಲೇಖನಿ) ಬಿರುದು ಪಡೆದವನು. ಅಕ್ಬರನಿಗಾಗಿ ಪರ್ಷಿಯನ್ ಕವಿ ನಿಜಾಮಿಯ 'ಖಂಸಾ' ಎಂಬ ಐದು ಕಾವ್ಯಗಳನ್ನು 1595ರ ಹೊತ್ತಿಗೆ ನಸ್ತಾಲೀಕ್ ಎಂಬ ಪರ್ಷಿಯನ್ ಬರಹದ ಶೈಲಿಯಲ್ಲಿ ಪ್ರತಿ ಮಾಡಿಕೊಟ್ಟವನು ಇವನೇ.

ಚಿತ್ರವನ್ನೇ ಸರಿಯಾಗಿ ನೋಡಿ. ಒಬ್ಬ ಬರೆಯುತ್ತಾ ಕೂತಿದ್ದಾನೆ. ಎದುರಿಗೆ ಚಿತ್ರಕಾರ ದೌಲತ್ ಅವನನ್ನೇ ಬಿಡಿಸುತ್ತಿದ್ದಾನೆ! ಆ 'ಖಂಸಾ' ಗ್ರಂಥದ ಕೊನೆಗೆ ಈ ಚಿತ್ರವನ್ನು ಸೇರಿಸಲು ಹೇಳಿದವನು ಜಹಾಂಗೀರ್. ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಅಲ್ಲಿನ ವಿವರವೂ ಇದೇ. ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ.