ಮಷೀನು ಎಲ್ಲರದ್ದು, ಲೆನ್ಸ್ ಒರೆಸೋರು ಯಾರು?

ಒಂದು ಸೋಮವಾರ ಬೆಳಿಗ್ಗೆ ಪಿಎಚ್‌ಡಿ ಹುಡುಗನೊಬ್ಬ ನನ್ನ ಟೇಬಲ್ ಹತ್ತಿರ ಬಂದು ನಿಂತ. "ಮೇಡಂ, ನನ್ನ ಸ್ಯಾಂಪಲ್ ಕೆಟ್ಟೋಗಿದೆ ಅನ್ಸುತ್ತೆ. ಎಲ್ಲಾ ಮಬ್ಬು ಮಬ್ಬು. ಮತ್ತೆ ಮೊದಲಿಂದ ಮಾಡ್ಬೇಕು." ಆ ಸ್ಯಾಂಪಲ್ ತಯಾರಿಸಲು ಅವನಿಗೆ ಏಳು ವಾರ ಹಿಡಿದಿತ್ತು. ಮುಖ ನೋಡಿದರೆ ಎರಡು ದಿನ ನಿದ್ದೆ ಮಾಡಿದ ಹಾಗಿರಲಿಲ್ಲ.

ನಾನು ಹೋಗಿ, ಲೇಸರ್ ಬೆಳಕಿನಲ್ಲಿ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನ 40ಎಕ್ಸ್ (ನಲವತ್ತು ಪಟ್ಟು ಹಿಗ್ಗಿಸುವ) ಲೆನ್ಸ್ ಬಿಚ್ಚಿದೆ. ಐಪೀಸ್ ತೆಗೆದು ತಲೆಕೆಳಗು ಹಿಡಿದರೆ ಅದೇ ಒಳ್ಳೆಯ ಭೂತಗನ್ನಡಿ. ಅದರಲ್ಲಿ ನೋಡಿದರೆ ಲೆನ್ಸಿನ ತುದಿಯಲ್ಲಿ ಹಳದಿ ಪೊರೆ. ಒಣಗಿ ಅಂಟಂಟಾದ ಎಣ್ಣೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪಕ್ಕದಲ್ಲೇ ಇರುವ 63ಎಕ್ಸ್ ಲೆನ್ಸಿಗೂ ಗಾಜಿಗೂ ನಡುವೆ ಒಂದು ಹನಿ ಎಣ್ಣೆ ಹಾಕಿಯೇ ನೋಡಬೇಕು. ಆಗಲೇ ಚಿತ್ರ ಚೂಪಾಗಿ ಬರುವುದು. ನಮ್ಮ 40ಎಕ್ಸ್ ಡ್ರೈ ಲೆನ್ಸು, ಅದಕ್ಕೆ ಎಣ್ಣೆ ತಾಗಲೇಬಾರದು. ಯಾರೋ 63ರಲ್ಲಿ ನೋಡಿ, ಸ್ಲೈಡ್ ಒರೆಸದೆ, ಹಾಗೇ 40ಕ್ಕೆ ತಿರುಗಿಸಿದ್ದಾರೆ. ಎರಡು ಸೆಕೆಂಡಿನ ಕೆಲಸ. ಲಾಗ್‌ಬುಕ್ ತೆಗೆದು ನೋಡಿದೆ. ಗುರುವಾರದಿಂದ ಐದು ಜನ ಬಂದು ಹೋಗಿದ್ದಾರೆ. ಐದೂ ಜನ ಬರೆದದ್ದು ಒಂದೇ: "ಆಲ್ ಓಕೆ."

ಲೆನ್ಸ್ ಪೇಪರನ್ನು ಮಡಚಿ, ತುದಿಗೆ ಒಂದೆರಡು ಹನಿ ಕ್ಲೀನರ್ ಹಾಕಿ, ನಡುವಿನಿಂದ ಹೊರಕ್ಕೆ ಸುತ್ತು ಹಾಕುತ್ತಾ ಒರೆಸಬೇಕು. ಒತ್ತಬಾರದು. ಒಮ್ಮೆ ಒರೆಸಿದ ಪೇಪರನ್ನು ಮತ್ತೆ ತಾಗಿಸಬಾರದು. ಮಾಮೂಲಿ ಟಿಶ್ಶೂ ಅಂತೂ ಬೇಡವೇ ಬೇಡ, ಗೀರು ಬೀಳುತ್ತೆ. ಹನ್ನೆರಡು ಪೇಪರ್ ಆದ ಮೇಲೆ ಲೆನ್ಸ್ ಹೊಳೆಯಿತು. ಹುಡುಗನ ಸ್ಯಾಂಪಲ್‌ಗೆ ಏನೂ ಆಗಿರಲಿಲ್ಲ. ಆದರೆ ಶುಕ್ರವಾರ ಬಂದಿದ್ದ ಇನ್ನೊಬ್ಬಳು ಆಗಲೇ ತನ್ನ ಸ್ಯಾಂಪಲ್ ಎಸೆದಾಗಿತ್ತು.

ನಾನು ಬಹಳ ವರ್ಷ ಇಂಥ ಜಾಗದಲ್ಲೇ ಕೆಲಸ ಮಾಡಿದವಳು. ಕೋರ್ ಫೆಸಿಲಿಟಿ ಅಂತಾರೆ. ಒಂದೊಂದು ಲ್ಯಾಬೂ ತಾನೇ ಕೊಳ್ಳಲಾಗದ ದೊಡ್ಡ ಮಷೀನುಗಳನ್ನು ಒಂದು ಕಡೆ ಇಟ್ಟು, ಎಲ್ಲರಿಗೂ ಗಂಟೆ ಲೆಕ್ಕದಲ್ಲಿ ಕೊಡುವ ವ್ಯವಸ್ಥೆ. ಮೈಕ್ರೋಸ್ಕೋಪು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರು, ಡಿಎನ್‌ಎ ಸೀಕ್ವೆನ್ಸರು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರು. ಕ್ಯಾಲೆಂಡರಿನಲ್ಲಿ ಸ್ಲಾಟ್ ಹಿಡಿಯಬೇಕು, ಬರಬೇಕು, ಕೆಲಸ ಮುಗಿಸಿ ಲಾಗ್‌ಬುಕ್ಕಿನಲ್ಲಿ ಬರೆದು ಹೋಗಬೇಕು.

ಈ ಹಂಚಿಕೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನೇ ತೆಗೆದುಕೊಳ್ಳಿ, ಸ್ಯಾಂಪಲನ್ನು ಥಟ್ಟನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್‌ಗಳಿಂದ ಅದರ ಚಿತ್ರ ತೆಗೆಯುವ ಮಷೀನು. ಆ ವಿಧಾನವನ್ನು ಬೆಳೆಸಿದ್ದಕ್ಕೆ 2017ರಲ್ಲಿ ಜಾಕ್ ದುಬೋಷೆ, ಯೋಆಕಿಂ ಫ್ರಾಂಕ್, ರಿಚರ್ಡ್ ಹೆಂಡರ್ಸನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಮಷೀನಿಗೆ ನೆಲ ಅಲುಗದ ಪ್ರತ್ಯೇಕ ಕೋಣೆ ಬೇಕು, ಲಿಕ್ವಿಡ್ ನೈಟ್ರೋಜನ್ ತಪ್ಪದೆ ಬರಬೇಕು, ಅದನ್ನೇ ನೋಡಿಕೊಂಡಿರುವ ಜನ ಬೇಕು. ಲ್ಯಾಬಿಗೊಂದು ಇಡೋದು ಆಗದ ಮಾತು.

ನನ್ನ ತಕರಾರು ಬೇರೆ. ಮಷೀನು ಕೊಳ್ಳಲು ದುಡ್ಡು ಸಿಗುತ್ತೆ. ಅದನ್ನು ನೋಡಿಕೊಳ್ಳುವವರಿಗೆ ಸಿಗಲ್ಲ. ಎಷ್ಟೋ ಗ್ರಾಂಟ್ ಅರ್ಜಿಗಳಲ್ಲಿ ಉಪಕರಣದ ಬೆಲೆ ಬರೆಯಲು ದೊಡ್ಡ ಕಾಲಂ ಇರುತ್ತೆ. ಅದನ್ನು ಹತ್ತು ವರ್ಷ ನಡೆಸುವವರ ಸಂಬಳಕ್ಕೆ ಎಲ್ಲಿದೆ ಕಾಲಂ, ಹುಡುಕಿ ನೋಡಿ. ಹೊಸ ಮಷೀನು ಬಂದ ದಿನ ಟೇಪ್ ಕತ್ತರಿಸುತ್ತಾರೆ, ಫೋಟೋ ಆಗುತ್ತೆ. ಸರ್ವಿಸ್ ಕಾಂಟ್ರಾಕ್ಟ್ ನವೀಕರಣವಾದ ದಿನ ಯಾರೂ ಟೇಪ್ ಕತ್ತರಿಸಿದ್ದು ನಾನಂತೂ ಕಂಡಿಲ್ಲ.

ಒಂದು ಕಡೆ (ಎಲ್ಲಿ ಅಂತ ಹೇಳಲ್ಲ, ಕೇಳಬೇಡಿ) ಚೆನ್ನಾಗಿದ್ದ ಮಷೀನೊಂದು ಹದಿನಾಲ್ಕು ತಿಂಗಳು ಪ್ಲಾಸ್ಟಿಕ್ ಹೊದ್ದು ಕೂತಿದ್ದನ್ನು ನೋಡಿದ್ದೇನೆ. ಕಾರಣ ಕೆಟ್ಟುಹೋದ ಒಂದು ಲೇಸರ್. ಕಾಂಟ್ರಾಕ್ಟ್ ಮುಗಿದಿತ್ತು, ಮುಂದಿನದಕ್ಕೆ ದುಡ್ಡು ಯಾವ ಬಾಬತ್ತಿನಿಂದ ಅನ್ನೋದೇ ತೀರ್ಮಾನ ಆಗಲಿಲ್ಲ. ಆ ಹೊತ್ತಿಗೆ ಅದನ್ನು ನೋಡಿಕೊಳ್ಳುತ್ತಿದ್ದವರೂ ಬೇರೆ ಕೆಲಸ ಹುಡುಕಿಕೊಂಡಿದ್ದರು. ಪಂಪಿನ ಸದ್ದು ಕೇಳಿಯೇ "ಇದಿನ್ನು ಜಾಸ್ತಿ ದಿನ ಬರಲ್ಲ" ಅನ್ನುತ್ತಿದ್ದ ಮನುಷ್ಯ. ವರ್ಷ ವರ್ಷ ರಿನ್ಯೂ ಆಗುವ ನೌಕರಿಯಲ್ಲಿ ಎಷ್ಟು ದಿನ ಅಂತ ಇರುತ್ತಾರೆ? ಆ ಕಿವಿ ಅವರ ಜೊತೆಗೇ ಹೋಯಿತು. ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡುವಂಥದ್ದೂ ಅಲ್ಲ.

ಗಂಟೆ ಲೆಕ್ಕದ ಶುಲ್ಕದ ಬಗ್ಗೆ ಒಂದು ಮಾತು. ನಾನು ತಡವಾಗಿ ಕಲಿತದ್ದು ಇದು. ಫ್ಲೋ ಸೈಟೋಮೀಟರಿನಲ್ಲಿ ಕೋಶಗಳು ಕೂದಲಿನಂಥ ಸಣ್ಣ ದಾರಿಯಲ್ಲಿ ಸಾಲಾಗಿ ಒಂದೊಂದೇ ಹೋಗಬೇಕು. ಕೆಲಸ ಮುಗಿದ ಮೇಲೆ ಐದು ನಿಮಿಷ ಬ್ಲೀಚ್, ಐದು ನಿಮಿಷ ನೀರು ಓಡಿಸದಿದ್ದರೆ ಉಳಿದ ಕೋಶಗಳು ಅಲ್ಲೇ ಒಣಗಿ ದಾರಿ ಕಟ್ಟಿಕೊಳ್ಳುತ್ತೆ. ಎಲ್ಲರಿಗೂ ಇದು ಗೊತ್ತು. ಆದರೂ ವಾರಕ್ಕೆ ಎರಡು ಸಲ ಕಟ್ಟಿಕೊಳ್ಳುತ್ತಿತ್ತು. ಹುಡುಗರಿಗೆ ಶಿಸ್ತಿಲ್ಲ ಅಂತ ಬೈದದ್ದೇ ಬೈದದ್ದು. ಆಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು, "ಮೇಡಂ, ತೊಳೆಯೋ ಹತ್ತು ನಿಮಿಷಕ್ಕೂ ನಮ್ಮ ಲ್ಯಾಬಿಗೇ ಬಿಲ್ ಬರುತ್ತೆ. ನಮ್ ಸರ್ ಬಿಲ್ ನೋಡಿ ಕೇಳ್ತಾರೆ." ತಲೆಗೆ ಹೊಡೆದ ಹಾಗಾಯಿತು. ಮರುವಾರದಿಂದ ಪ್ರತಿ ಸ್ಲಾಟಿನ ಕೊನೆಯ ಹದಿನೈದು ನಿಮಿಷಕ್ಕೆ ಬಿಲ್ ಇಲ್ಲ ಅಂತ ಮಾಡಿದೆವು. ಕಟ್ಟಿಕೊಳ್ಳುವುದು ಅಪರೂಪವಾಯಿತು. ಸುಮ್ನೆ ಅಷ್ಟು ದಿನ ಬೈದೆನಲ್ಲ ಅಂತ ಬೇಜಾರು.

ಡೇಟಾ ವಿಷಯದಲ್ಲೂ ಕಥೆ ಇದೇ. ಅಲ್ಲಿ ಕೊಳೆ ಕಣ್ಣಿಗೆ ಕಾಣಲ್ಲ, ಅಷ್ಟೇ ವ್ಯತ್ಯಾಸ.

ಒಮ್ಮೆ ನಾನೊಂದು ಪ್ರಬಂಧದ ಜೊತೆ ಹಂಚಿದ್ದ ಫೈಲ್ ಇಳಿಸಿಕೊಂಡೆ. "ಎಲ್ಲ ಡೇಟಾ ಮುಕ್ತವಾಗಿ ಲಭ್ಯ" ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದರು. ತೆರೆದರೆ ನಾಲ್ಕು ಕಾಲಂ: ಗುಂಪು 1, ಗುಂಪು 2, ಹೊಸದು, ಹೊಸದು ಕೊನೆಯದು. ಯಾವ ಗುಂಪಿಗೆ ಔಷಧ ಕೊಟ್ಟಿದ್ದರು? ಸಂಖ್ಯೆಗಳು ಯಾವ ಅಳತೆಯಲ್ಲಿವೆ? ದೇವರೇ ಬಲ್ಲ. ಇಮೇಲ್ ಹಾಕಿದೆ. ಮೂರು ವಾರ ಬಿಟ್ಟು ಉತ್ತರ ಬಂತು. ಆ ಕೆಲಸ ಮಾಡಿದ ವಿದ್ಯಾರ್ಥಿ ಬಿಟ್ಟುಹೋಗಿದ್ದಾನೆ, ಅವನ ಲ್ಯಾಪ್‌ಟಾಪೂ ಅವನ ಜೊತೆ ಹೋಗಿದೆ.

ಅದೇ ಫೈಲಿನಲ್ಲಿ ಜೀನ್‌ಗಳ ಹೆಸರಿನ ಸಾಲಿನಲ್ಲಿ ಒಂದು ಕಡೆ "2 ಸೆಪ್ಟೆಂಬರ್" ಅಂತಿತ್ತು. ಈ ರಂಗದವರಿಗೆ ಇದು ಹಳೇ ಜೋಕು. ಸೆಪ್ಟ್2 ಅನ್ನುವ ಜೀನ್ ಇತ್ತು, ಮಾರ್ಚ್1 ಅನ್ನುವುದೂ ಇತ್ತು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ತಾನೇ ಬುದ್ಧಿವಂತಿಕೆ ಮಾಡಿ ತಾರೀಖು ಮಾಡಿಬಿಡುತ್ತಿತ್ತು. ಜೀನ್ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿದೆ ಅಂತ 2016ರಲ್ಲಿ ಒಂದು ಅಧ್ಯಯನ ತೋರಿಸಿತು. ಎಕ್ಸೆಲ್ ಬದಲಾಗುವ ಲಕ್ಷಣ ಕಾಣಲಿಲ್ಲ. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರೇ ಸೋತು ಹೊಸ ಹೆಸರು ಪ್ರಕಟಿಸಿದರು. ಸೆಪ್ಟ್2 ಈಗ ಸೆಪ್ಟಿನ್2, ಮಾರ್ಚ್1 ಈಗ ಮಾರ್ಚ್‌ಎಫ್1. ಮನುಷ್ಯನ ಜೀನ್ ಹೋಗಿ ಸ್ಪ್ರೆಡ್‌ಶೀಟಿಗೆ ದಾರಿ ಬಿಟ್ಟುಕೊಟ್ಟಿತು!

ಚೆನ್ನಾಗಿ ನೋಡಿಕೊಂಡ ಡೇಟಾ ಏನು ಮಾಡಬಲ್ಲದು ಅನ್ನುವುದಕ್ಕೆ ಪ್ರೋಟೀನ್ ಡೇಟಾ ಬ್ಯಾಂಕ್ ನೋಡಿ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಶುರುವಾದಾಗ ಅದರಲ್ಲಿ ಇದ್ದದ್ದು ಏಳು ಪ್ರೋಟೀನ್‌ಗಳ ರಚನೆ. ಕೈಬೆರಳಲ್ಲಿ ಎಣಿಸಬಹುದಿತ್ತು. ಈಗ ಎರಡು ಲಕ್ಷ ದಾಟಿದೆ. ಒಂದೊಂದನ್ನೂ ಯಾರೋ ಕೂತು ಪರೀಕ್ಷಿಸಿದ್ದಾರೆ, ಈ ಅಣು ಇಲ್ಲಿ ಹೀಗೆ ಕೂರಲು ಸಾಧ್ಯವೇ ಅಂತ ಕಳಿಸಿದವರನ್ನು ಕೇಳಿದ್ದಾರೆ, ಎಲ್ಲವನ್ನೂ ಒಂದೇ ಬಗೆಯಲ್ಲಿ ಬರೆದಿಟ್ಟಿದ್ದಾರೆ. ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಆಲ್ಫಾಫೋಲ್ಡ್ ಕಲಿತದ್ದು ಮುಖ್ಯವಾಗಿ ಆ ರಾಶಿಯಿಂದ. 2020ರಲ್ಲಿ ಅದು ಪ್ರೋಟೀನ್ ಮಡಚಿಕೊಳ್ಳುವ ರೀತಿಯನ್ನು ಊಹಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಬೆರಗುಗೊಳಿಸಿತು, 2024ರಲ್ಲಿ ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ನೊಬೆಲ್‌ನಲ್ಲಿ ಪಾಲು ತಂದಿತು. ಪತ್ರಿಕೆಗಳೆಲ್ಲ ಕೃತಕ ಬುದ್ಧಿಮತ್ತೆ ಗೆದ್ದಿತು ಅಂತ ಬರೆದವು. ಐವತ್ತು ವರ್ಷ ಒಂದೊಂದೇ ಫೈಲ್ ತಿದ್ದುತ್ತಾ ಕೂತವರ ಬಗ್ಗೆ ನಾಲ್ಕು ಸಾಲು ಹುಡುಕಿದೆ. ಸಿಕ್ಕಿದ್ದು ಕಡಿಮೆ.

ಇಂಥ ಡೇಟಾಬೇಸ್‌ಗಳ ಪಾಡು ಏನು ಗೊತ್ತಾ? ಪ್ರೋಟೀನ್‌ಗಳ ಬಗ್ಗೆ ತಜ್ಞರು ಓದಿ, ಸೋಸಿ ಬರೆಯುವ ಸ್ವಿಸ್-ಪ್ರಾಟ್ ಅನ್ನು ಅಮೋಸ್ ಬೈರೋಕ್ 1986ರಲ್ಲಿ ಶುರು ಮಾಡಿದ್ದು. ಜಗತ್ತಿನ ಲ್ಯಾಬ್‌ಗಳೆಲ್ಲ ಅದನ್ನು ಬಳಸುತ್ತಿದ್ದ ಹೊತ್ತಿನಲ್ಲೇ, 1996ರಲ್ಲಿ, ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂತು. ಬಳಸುವವರೆಲ್ಲ ಗಲಾಟೆ ಎಬ್ಬಿಸಿದ ಮೇಲೆ ಉಳಿಯಿತು. ಎಲ್ಲರಿಗೂ ಬೇಕು, ಯಾರ ಬಜೆಟ್ಟಿನಲ್ಲೂ ಇಲ್ಲ. ಹೊಸದನ್ನು ಕಂಡುಹಿಡಿಯುತ್ತೇವೆ ಅಂದರೆ ಗ್ರಾಂಟ್ ಬರುತ್ತೆ. ಇದ್ದದ್ದನ್ನು ಇನ್ನೈದು ವರ್ಷ ಹಾಗೇ ಚೆನ್ನಾಗಿಡುತ್ತೇವೆ ಅಂದರೆ "ಇದರಲ್ಲಿ ಹೊಸದೇನಿದೆ?" ಅನ್ನುತ್ತಾರೆ.

ನೋಡಿಕೊಳ್ಳುವವರಿಲ್ಲದೆ ಕೈಯಿಂದ ಕೈಗೆ ಹಂಚಿದರೆ ಏನಾಗುತ್ತೆ ಅನ್ನುವುದಕ್ಕೆ ಹೀಲಾ ಕೋಶಗಳ ಕಥೆ ಇದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಕ್ಯಾನ್ಸರ್ ಗೆಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಕೋಶಗಳು. ಗಾಜಿನ ಪಾತ್ರೆಯಲ್ಲಿ ಸಾಯದೆ ಬೆಳೆದವು. ಸ್ನೇಹಿತರು ಸ್ನೇಹಿತರಿಗೆ ಕೊಟ್ಟರು, ಅವರು ಇನ್ನೊಬ್ಬರಿಗೆ. ಒಂದು ಹನಿ ಬೇರೆ ಪಾತ್ರೆಗೆ ಸಿಡಿದರೂ ಸಾಕು, ಕೆಲವು ವಾರಗಳಲ್ಲಿ ಅಲ್ಲಿದ್ದ ಕೋಶಗಳನ್ನೆಲ್ಲ ಹಿಂದಿಕ್ಕಿ ತಾವೇ ತುಂಬಿಕೊಳ್ಳುತ್ತಿದ್ದವು. 1966ರಲ್ಲಿ ತಳಿವಿಜ್ಞಾನಿ ಸ್ಟಾನ್ಲಿ ಗಾರ್ಟ್ಲರ್ ಒಂದು ಸಮ್ಮೇಳನದಲ್ಲಿ ಎದ್ದು ನಿಂತು, ನೀವೆಲ್ಲ ಬೇರೆ ಬೇರೆ ಅಂದುಕೊಂಡು ಸಾಕುತ್ತಿರುವ ಎಷ್ಟೋ ಕೋಶಗಳು ಹೀಲಾ ಅಂತ ಹೇಳಿದಾಗ ಕೇಳಿದವರಿಗೆ ಹಿಡಿಸಲಿಲ್ಲ. ಈಗ ಕೋಶಗಳ ಗುರುತು ಹಿಡಿಯಲು ಸುಲಭದ ಡಿಎನ್‌ಎ ಪರೀಕ್ಷೆ ಇದೆ, ಕೋಶ ಬ್ಯಾಂಕುಗಳು ಅದನ್ನು ಮಾಡಿಯೇ ಕಳಿಸುತ್ತವೆ. ಆದರೂ "ಪಕ್ಕದ ಲ್ಯಾಬಿನವರು ಒಂದು ಟ್ಯೂಬ್ ಕೊಟ್ರು" ಅನ್ನುವುದು ನಿಂತಿಲ್ಲ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ ಅನ್ನುವವಳೂ ನಾನಲ್ಲ. 2013ರಲ್ಲಿ ಹೀಲಾದ ಜೀನೋಮನ್ನು, ಅಂದರೆ ಪೂರ್ತಿ ಡಿಎನ್‌ಎ ಮಾಹಿತಿಯನ್ನು, ಯಾರು ಬೇಕಾದರೂ ನೋಡುವ ಹಾಗೆ ಪ್ರಕಟಿಸಿದರು. ಲ್ಯಾಕ್ಸ್ ಕುಟುಂಬವನ್ನು ಆಗಲೂ ಯಾರೂ ಕೇಳಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಿಗೂ ಅದೇ ಡಿಎನ್‌ಎಯ ಪಾಲಿದೆ, ಅಲ್ವಾ? ಆಕ್ಷೇಪ ಬಂದ ಮೇಲೆ ಡೇಟಾ ಹಿಂದಕ್ಕೆ ಹೋಯಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. ಕೇಳಿದವರಿಗೆ ಕೊಡಬೇಕೋ ಬೇಡವೋ ಅಂತ ನೋಡುವ ಸಮಿತಿಯಲ್ಲಿ ಕುಟುಂಬದವರೂ ಕೂತರು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು 5 ಲಕ್ಷ ಜನರ ರಕ್ತ, ಆರೋಗ್ಯದ ಮಾಹಿತಿ ಇದೆ. ಅಲ್ಲೂ ಅರ್ಜಿ ಹಾಕಿ, ಯಾಕೆ ಬೇಕು ಅಂತ ಹೇಳಬೇಕು. ಬಾಗಿಲಲ್ಲಿ ಯಾರೋ ಕೂತಿರಬೇಕು ಅಂದರೆ ಅದಕ್ಕೂ ಜನ ಬೇಕು, ಸಂಬಳ ಬೇಕು. ಸುತ್ತಿ ಬಳಸಿ ಅಲ್ಲಿಗೇ ಬಂದೆ.

ಹಂಚಿದ್ದು ವಾಪಸ್ ಬರುತ್ತಾ ಅಂತ ಕೇಳುವವರಿಗೆ ಹೇಳಲು ನನ್ನ ಹತ್ತಿರ ಒಂದು ಇಷ್ಟದ ಕಥೆ ಇದೆ. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿ 1929ರಿಂದ ಸಂಶೋಧನೆಗೆ ಬೇಕಾದ ಇಲಿ ತಳಿಗಳನ್ನು ಬೆಳೆಸುತ್ತಿದೆ. 1947ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚು ಬಂದು ಲ್ಯಾಬಿನ ಬಹುಪಾಲು ಸುಟ್ಟುಹೋಯಿತು. ಇಲಿಗಳು ಸತ್ತವು. ವರ್ಷಗಟ್ಟಲೆ ಜತನದಿಂದ ಕಾಪಾಡಿದ ತಳಿಗಳು ಹೋದವು. ಆಮೇಲೆ, ಹಿಂದೆ ಅವರಿಂದ ಇಲಿ ತರಿಸಿಕೊಂಡಿದ್ದ ವಿಜ್ಞಾನಿಗಳು ಅದೇ ತಳಿಯ ಮರಿಗಳನ್ನು ವಾಪಸ್ ಕಳಿಸಿದರು. ಕೊಡದೆ ತಮ್ಮಲ್ಲೇ ಇಟ್ಟುಕೊಂಡಿದ್ದರೆ ಆ ತಳಿಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಮಷೀನು ಕೊಳ್ಳಲು ದುಡ್ಡು ಕೊಡುವವರು ಅದೇ ಕಾಗದದಲ್ಲಿ ನೋಡಿಕೊಳ್ಳುವವರ ಸಂಬಳವನ್ನೂ ಬರೆಯಲಿ, ವರ್ಷದ್ದಲ್ಲ, ಮಷೀನು ಬಾಳುವಷ್ಟು ದಿನದ್ದು. ಡೇಟಾ ಸೇರಿಸಿಟ್ಟವರ ಹೆಸರು ಪ್ರಬಂಧದಲ್ಲಿ ಬರಲಿ. ಪ್ರಯೋಗ ಯಾಕೆ ಕೈಕೊಟ್ಟಿತು ಅಂತ ಮೂರು ರಾತ್ರಿ ಕೂತು ಕಂಡುಹಿಡಿದವಳ ಹೆಸರು ಕೊನೆಯ ಕೃತಜ್ಞತೆ ಸಾಲಿನಲ್ಲಿ ಬಂದು ಕೂರುತ್ತೆ. ನನ್ನ ಹೆಸರು ಅಲ್ಲಿ ಎರಡು ಸಲ ತಪ್ಪು ಸ್ಪೆಲ್ಲಿಂಗಿನಲ್ಲಿ ಬಂದಿದೆ. ಒಂದು ಸಲ ಮಷೀನಿನ ಕಂಪನಿ ಹೆಸರು ಸರಿಯಾಗಿ, ಮಾಡೆಲ್ ನಂಬರ್ ಸಮೇತ ಬಂದು, ನನ್ನದು "ಫೆಸಿಲಿಟಿಯ ಸಿಬ್ಬಂದಿ" ಅಂತ ಬಂತು.

ಎಣ್ಣೆ ತಾಗಿಸಿದ್ದು ಯಾರು ಅಂತ ನಾನು ಹುಡುಕಲು ಹೋಗಲಿಲ್ಲ. ಬರೆದರೆ ಯಾರಿಗೂ ಬೈಯಲ್ಲ ಅಂತ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿದೆ, ಅಷ್ಟೇ. ನಾಲ್ಕು ತಿಂಗಳು "ಆಲ್ ಓಕೆ" ಮುಂದುವರಿಯಿತು. ಆಮೇಲೊಂದು ದಿನ ಬೆಳಿಗ್ಗೆ ಪುಸ್ತಕ ತೆರೆದರೆ ಹಿಂದಿನ ರಾತ್ರಿ 11.40ಕ್ಕೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "40 ಡ್ರೈಗೆ ಆಯಿಲ್ ತಾಗಿಸಿಬಿಟ್ಟೆ. ಸಾರಿ ಮೇಡಂ. ನಾನು ಒರೆಸೋಕೆ ಹೋಗಿಲ್ಲ, ಗೀರು ಬೀಳುತ್ತೆ ಅಂತ ಭಯ. ಬೇರೆಯವರು ಬರೋ ಮುಂಚೆ ನೋಡಿ." ಒಂಬತ್ತಕ್ಕೆ ಮುಂದಿನ ಸ್ಲಾಟ್ ಇತ್ತು. ಎಣ್ಣೆ ಇನ್ನೂ ಹಸಿ. ನಾಲ್ಕೇ ಪೇಪರಿನಲ್ಲಿ ಹೋಯಿತು.